ನದಿಗೆ ಪರಕಾರ ಹೊಲಿಸಿದ ಕಾಕು

ನನ್ನ ಕಾಕು ಯಾರ ಮುಖವನ್ನೂ ಸರಿಯಾಗಿ ನೋಡುವವಳಲ್ಲ ಎಂದರೆ ನೀವು ನಂಬಬೇಕು. ಆಕೆ ನೋಡುವುದು ಬಟ್ಟೆ! ಬಾಗಿಲಲ್ಲಿ ನಿಂತವರು ನಮಸ್ಕಾರ ಎನ್ನುವಷ್ಟರಲ್ಲಿ ಅವರ ತೋಳಿನ ಅಂಚು ಆಕೆಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಸಿಕ್ಕಿರುತ್ತದೆ. ತಿಕ್ಕಿ ನೋಡಿ "ಬರ್ರಿ, ಕೂಡ್ರಿ" ಎಂದರೆ ಬಟ್ಟೆ ಪಾಸಾಯಿತು ಎಂದರ್ಥ. ನನ್ನನ್ನು ನೋಡಲು ಬಂದ ವರನ ಅಂಗಿಯನ್ನೂ ಹೀಗೆಯೇ ತಿಕ್ಕಿ, ಒಳಗೆ ಬಂದು ನನ್ನ ಕಿವಿಯಲ್ಲಿ, "ಪಾಲಿಸ್ಟರ್ ಅದ. ಭಾಳ ದಿನ ಬಾಳಿಕಿ ಬರ್ತದ, ಆದ್ರ ಒಳಗ ಗಾಳಿ ಆಡಂಗಿಲ್ಲ" ಎಂದಿದ್ದಳು. ಮದುವೆಯಾಗಿ ಇಷ್ಟು ವರ್ಷವಾಯಿತು, ಆ ತೀರ್ಪನ್ನು ತಿದ್ದುವ ಪ್ರಸಂಗ ಬಂದಿಲ್ಲ!

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಮ್ಮದು ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು ನೆಲೆಸಿದ ಅರಿವೆ ವ್ಯಾಪಾರಿಗಳ ಮನೆತನ. ಕಾಕಾ ತೀರಿಕೊಂಡ ಮೇಲೆ ಆಕೆ ಅಂಗಡಿ ಮುಚ್ಚುತ್ತಾಳೆ ಎಂದು ಪೇಟೆಯೆಲ್ಲ ಕಾದಿತ್ತು. ಆಕೆ ಕರ್ಮಾಂತರ ಮುಗಿದ ಮರುದಿನವೇ ಹೋಗಿ ಗಾದಿಯ ಮೇಲೆ ಕೂತಳು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಇವೆರಡರ ವಿಷಯದಲ್ಲಿ ಆಕೆಯೊಡನೆ ವಾದಿಸಿ ಗೆದ್ದ ಗಿರಾಕಿ ಇನ್ನೂ ಹುಟ್ಟಿಲ್ಲ.

ಖಣ ಎಂದರೆ ಕುಪ್ಪಸದ ಬಟ್ಟೆ. ನಮ್ಮ ಹೆಂಗಸರು ಉಡಿ ತುಂಬುವಾಗ ತೆಂಗಿನಕಾಯಿ, ಅಕ್ಕಿಯ ಜೊತೆ ಒಂದು ಖಣ ಕೊಡಲೇಬೇಕು. ಕೊಟ್ಟದ್ದನ್ನು ಯಾರಾದರೂ ಹೊಲಿಸಿಕೊಳ್ಳುತ್ತಾರೆಯೇ? ಛೇ! ಅದು ಕಪಾಟಿಗೆ ಹೋಗಿ, ಮುಂದಿನ ಹಬ್ಬಕ್ಕೆ ಇನ್ನೊಬ್ಬರ ಉಡಿಗೆ ಬೀಳುತ್ತದೆ. ಪುಣೆಯ ಅರ್ಧ ಕನ್ನಡಿಗರ ಮನೆ ಸುತ್ತಿ ಮರಳಿ ಬಂದ ತನ್ನ ಅಂಗಡಿಯ ಖಣವನ್ನು ಕಾಕು ಬೆರಳಲ್ಲೇ ಗುರುತು ಹಿಡಿದು, "ಅಯ್ಯ, ಆರಾಮದೀಯೇನವಾ?" ಎಂದು ಮಾತಾಡಿಸಿದ್ದನ್ನು ನಾನೇ ಕೇಳಿದ್ದೇನೆ.

ಊರಿಗೆಲ್ಲ ಖಣ ಕೊಡುವ ಈಕೆಗೆ ಒಂದು ವಿಚಿತ್ರ ಮರೆವು. ಯಾರದೇ ಮನೆಯಿರಲಿ, ಅರಿಷಿಣ ಕುಂಕುಮದ ತಾಟು ಹೊರಬಂತೆಂದರೆ ಸಾಕು, "ಅಯ್ಯಯ್ಯ, ಗ್ಯಾಸ್ ಬಂದ್ ಮಾಡೇ ಇಲ್ಲ ನಾ!" ಎಂದು ಚಪ್ಪಲಿ ಹುಡುಕುತ್ತಾಳೆ. ಕಾಕಾ ಹೋದ ವರ್ಷ ಶುರುವಾದ ಮರೆವು ಅದು. ಗಂಡ ಸತ್ತವರಿಗೆ ಉಡಿ ತುಂಬುವುದಿಲ್ಲವೆಂದು ಆಕೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಪ್ರಸಂಗವನ್ನೇ ಆಕೆ ಯಾರಿಗೂ ಕೊಡಲಿಲ್ಲ. ಆ ಗ್ಯಾಸಿನ ಮಾತು ಕೇಳಿದಾಗಲೆಲ್ಲ ನಾವು ನಗುತ್ತಿದ್ದೆವು, ನನಗಂತೂ ಆಮೇಲೆ ಊಟ ಸೇರುತ್ತಿರಲಿಲ್ಲ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನಮ್ಮ ಕನ್ನಡ ಸಂಘ ಒಂದು ಬ್ಯಾಲೆ ಮಾಡಲು ಹೊರಟಿತು. ಪುಣೆಯ ಬಗಲಿನ ಘಟ್ಟದಲ್ಲಿ ಹುಟ್ಟಿ ಕರ್ನಾಟಕಕ್ಕೆ ಬಂದು ಕೃಷ್ಣೆಯನ್ನು ಸೇರುವ ಭೀಮಾ ನದಿಯ ಕಥೆ. ಆಡಿಸುವವಳು ಗಂಡನ ಹಿಂಜವಾಡಿಯ ನೌಕರಿಯ ಹಿಂದೆ ಬೆಂಗಳೂರಿನಿಂದ ಬಂದ ಡಾನ್ಸ್ ಟೀಚರ್. ಉಪಾಹಾರದ ಪ್ರಾಯೋಜಕತ್ವವನ್ನು ಕರಾವಳಿಯ ಹೋಟೆಲಿನವರೊಬ್ಬರು ವಹಿಸಿಕೊಂಡರು. ವೇಷಭೂಷಣ ಯಾರದು ಎಂಬ ಮಾತು ಬಂದಾಗ ಕಾಕು ಎದ್ದಳು.

"ಹುಡುಗ್ಯಾರ ಅರಿವಿ ನಾ ಕೊಡ್ತೀನಿ. ಆದ್ರ ನನ್ನ ಸ್ಟೇಜ್ ಮ್ಯಾಲ ಕರೀಬ್ಯಾಡ್ರಿ, ಹಾರಾ ತುರಾಯಿ ಏನೂ ಬ್ಯಾಡ. ಮತ್ತ ಅರಿವಿ ಬಗ್ಗೆ ಯಾರೂ ನನಗ ಶಾಣ್ಯಾತನ ಹೇಳಬಾರದು."

ಮೊದಲೆರಡು ಷರತ್ತುಗಳನ್ನು ಸಂಘ ಸಂತೋಷದಿಂದ ಒಪ್ಪಿತು. ಮೂರನೆಯದನ್ನು ಟೀಚರ್ ಮರುದಿನವೇ ಮುರಿದಳು.

"ಆಂಟಿ, ನದಿ ಅಲ್ವಾ? ನೀಲಿ ಸ್ಯಾಟಿನ್ ತಗೊಳೋಣ. ಲೈಟ್ ಬಿದ್ರೆ ತುಂಬಾ ಚೆನ್ನಾಗಿ ಕಾಣುತ್ತೆ."

"ನದಿ ನೀಲಿ ಇರ್ತದ ಅಂತ ಯಾರ ಹೇಳ್ಯಾರ ನಿಮಗ? ನೀವು ನೋಡೀರೇನು?"

ಟೀಚರ್ ನೋಡಿರಲಿಲ್ಲ. ಕಾಕು ಪರಕಾರಕ್ಕೆ, ಅಂದರೆ ಹುಡುಗಿಯರ ಉದ್ದ ಲಂಗಕ್ಕೆ, ಬಣ್ಣ ಆರಿಸಲು ಒಂದು ಚೀಲ ಖಣದ ತುಂಡುಗಳನ್ನು ಹೊತ್ತು, ಆಕೆಯನ್ನೂ ನನ್ನನ್ನೂ ಆಟೋದಲ್ಲಿ ತುರುಕಿಕೊಂಡು ಮುಠಾ ನದಿಯ ಸೇತುವೆಗೆ ಹೋದಳು. ಮುಠೆಯ ನೀರೂ ಕೊನೆಗೆ ಭೀಮೆಯನ್ನೇ ಸೇರುತ್ತದಲ್ಲ! ಕಟಾಂಜನದಿಂದ ಬಾಗಿ ಒಂದೊಂದೇ ತುಂಡನ್ನು ನೀರಿನ ಮೇಲೆ ಹಿಡಿದು ಬಣ್ಣ ಹೊಂದಿಸತೊಡಗಿದಳು. ಜನ ಸೇರಿದರು. ಮುದುಕಿ ನದಿಗೆ ಹಾರುತ್ತಾಳೆಂದು ಟ್ರಾಫಿಕ್ ಪೊಲೀಸ ಸೀಟಿ ಊದುತ್ತ ಓಡಿಬಂದ. ಕಾಕು ತಿರುಗಿಯೂ ನೋಡದೆ, ಪರಕಾರ ಹೊಲಿಸಬೇಕು, ನದಿಯ ಅಳತೆ ತಗೋತಾ ಇದ್ದೇನೆ, ಎಂದು ಮರಾಠಿಯಲ್ಲಿ ಹೇಳಿದಳು. ಪಾಪ, ಆತ ಸೀಟಿಯನ್ನು ಕಿಸೆಗಿಟ್ಟು ವಾಹನಗಳ ಕಡೆಗೇ ವಾಪಸು ಹೋದ. ಅಂತೂ ಹಸಿರಲ್ಲದ, ಕಪ್ಪಲ್ಲದ, ಕಂದೂ ಅಲ್ಲದ ಒಂದು ಬಣ್ಣ ಪಾಸಾಯಿತು. ಅದರ ಮೇಲೆ ಕೆಂಪು ಅಂಚು ಬಂದಾಗ, ನಿಜ ಹೇಳುತ್ತೇನೆ, ಟೀಚರ್ ಬಾಯಿಂದ ಸ್ಯಾಟಿನ್ನಿನ ಮಾತು ಮತ್ತೆ ಬರಲಿಲ್ಲ.

ಪರಕಾರಗಳು ಹೊಲಿಗೆಯಾಗಿ ಬಂದವು. ಬೆಳೆಯುವ ಹುಡುಗಿಯರ ಪರಕಾರವನ್ನು ಕಾಕು ಹೇಗೆ ಹೊಲಿಸುತ್ತಾಳೆ ಗೊತ್ತೇ? ಉದ್ದ ಬಟ್ಟೆ ತೆಗೆದುಕೊಂಡು, ಕೆಳಗೆ ಸಾಲಾಗಿ ಮಡಿಕೆ ಹಾಕಿ, ಕಚ್ಚಾ ಹೊಲಿಗೆ ಹಾಕಿಸುತ್ತಾಳೆ. ಹುಡುಗಿ ಎತ್ತರವಾದಂತೆ ಒಂದೊಂದು ಮಡಿಕೆ ಬಿಚ್ಚಿದರಾಯಿತು. ನಾನು ಐದನೇ ಇಯತ್ತೆಯಿಂದ ಮ್ಯಾಟ್ರಿಕ್‌ವರೆಗೆ ಒಂದೇ ಪರಕಾರದಲ್ಲಿ ಬೆಳೆದವಳು! ಬ್ಯಾಲೆಯ ನದಿಗಳಿಗೂ ಇದೇ ನಿಯಮ. "ಒಂದ ಸಲ ಕುಣದು ಬಿಸಾಡೂದಕ್ಕ ಅರಿವಿ ಕೊಡ್ತಾರೇನು? ಹುಡುಗ್ಯಾರು ಮುಂದ ಲಗ್ನಕ್ಕ, ಮುಂಜಿವಿಗೆ ಹಾಕ್ಕೋಬೇಕು!"

ರಂಗತಾಲೀಮಿನಲ್ಲಿ ಭೀಮೆಯ ಪಾತ್ರದ ಹುಡುಗಿ ಮೊದಲ ಸುತ್ತು ತಿರುಗಿದಳು. ನಮ್ಮ ಓಣಿಯ ಹುಡುಗಿ, ಗಾಳಿಯಂಥವಳು. ಕಚ್ಚಾ ಹೊಲಿಗೆ ಪರಪರ ಬಿಚ್ಚಿ ಪರಕಾರ ಪಾದ ದಾಟಿ ನೆಲದ ಮೇಲೆ ಹರಿಯಿತು. ಅದಕ್ಕೇ ಕಾಲು ತೊಡರಿ ಭೀಮಾ ನದಿ ದೊಪ್ಪೆಂದು ಬಿತ್ತು.

"ಆಂಟೀ! ಏನ್ ಮಾಡ್ಬಿಟ್ರಿ? ನಾಡಿದ್ದು ಶೋ!" ಟೀಚರ್ ಅಳುವುದೊಂದು ಬಾಕಿ.

ಕಾಕು ಕೂತಲ್ಲಿಂದ ಏಳಲಿಲ್ಲ. "ಹೌದ್ರಿ, ನದಿ ಹರಕೋತ ಹೋದಂಗ ದೊಡ್ಡದಾಗ್ತದೋ, ಸಣ್ಣದಾಗ್ತದೋ? ಘಟ್ಟದಾಗ ಕುಣೀತದ. ಬಯಲಿಗೆ ಬಂದ ಮ್ಯಾಲ ಹಳೂಕ ನಡೀತದ. ನಮ್ಮ ಕಡೆ ಭೀಮೀ ಓಡೂದು ಯಾರರ ನೋಡೀರೇನು?"

ಟೀಚರ್ ನೆಲದ ಮೇಲೆ ಹರಡಿದ್ದ ಆ ಪರಕಾರವನ್ನು ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಕುಣಿತವನ್ನೇ ಬದಲಿಸಿದಳು. ಘಟ್ಟದಲ್ಲಿ ಗಿಡ್ಡ ಪರಕಾರ. ಒಂದೊಂದು ಊರು ದಾಟಿದಾಗ ಹುಡುಗಿ ಪರದೆಯ ಬಗಲಿಗೆ ಬರಬೇಕು, ಕಾಕು ಒಂದು ಮಡಿಕೆಯ ದಾರ ಎಳೆಯಬೇಕು. ಕೊನೆಗೆ ದಂಡೆಯ ಹೆಂಗಸರು ಹೊಳೆಗೆ ಉಡಿ ತುಂಬುತ್ತಾರೆ. ಭೀಮೆ ಅದೇ ಉಡಿಯನ್ನು ಕೆಳಗಿಳಿದು ಹೋಗಿ ಮುಂದಿನ ಸಾಲಿನ ಅಧ್ಯಕ್ಷರ ಹೆಂಡತಿಗೆ ಕೊಡಬೇಕು.

ಪ್ರದರ್ಶನದ ದಿನ ಕಾಕು ಸೆರಗಿಗೆಲ್ಲ ಸೇಫ್ಟಿ ಪಿನ್ನು ಚುಚ್ಚಿಕೊಂಡು ಪರದೆಯ ಬಗಲಿಗೆ ನಿಂತಿದ್ದಳು, ಪಕ್ಕದಲ್ಲಿ ನಾನು. ಪ್ರತಿ ದಾರ ಎಳೆದಾಗಲೂ ನದಿ ಅಗಲವಾಗುತ್ತ ಹೋಯಿತು, ಸಭೆ ಚಪ್ಪಾಳೆ ತಟ್ಟಿತು. ಕಾಕುವಿನ ಗತ್ತು ಕೇಳಬೇಡಿ, ಭೀಮೆಯನ್ನು ತಾನೇ ಹೆತ್ತವಳ ಹಾಗೆ! ಅಷ್ಟರಲ್ಲಿ ರಂಗದ ಮೇಲೆ ಉಡಿಯ ತಾಟು ಬಂತು. ಕಾಕು ನನ್ನ ಕೈ ಹಿಡಿದಳು. "ಅಯ್ಯ, ಗ್ಯಾಸ್ ಬಂದ್ ಮಾಡಿಲ್ಲ ನೋಡ, ನಾ ಹೊಂಟೆ."

ನಾನು ಆ ಕೈಯನ್ನು ಬಿಡಲಿಲ್ಲ. ಉಡಿ ತುಂಬಿಸಿಕೊಂಡ ಹುಡುಗಿ ಮುಂದಿನ ಮೆಟ್ಟಿಲು ಇಳಿಯುವ ಬದಲು ನೇರವಾಗಿ ನಮ್ಮ ಕಡೆ ಬಂದಳು.

"ಕಾಕೂ, ಸೆರಗ ಒಡ್ಡ್ರಿ."

"ನನಗ್ಯಾಕ, ಹುಚ್ಚಿ? ಅಧ್ಯಕ್ಷರ ಹೆಂಡ್ತಿ ಮುಂದ ಕೂತಾರ, ಅಕ್ಕಡೆ ಹೋಗು!"

"ಲಗೂ ಒಡ್ಡ್ರಿ, ಹಾಡ ಮುಗ್ಯಾಕ ಬಂತು!"

ಊರಿಗೆಲ್ಲ ಅವಸರ ಮಾಡುವ ಕಾಕು ಅವಸರಕ್ಕೆ ಸಿಕ್ಕು ಪಿನ್ನು ಚುಚ್ಚಿದ ಸೆರಗನ್ನೇ ಒಡ್ಡಿದಳು. ಕಾಯಿ, ಅಕ್ಕಿ, ಖಣ ಬಿದ್ದವು. ಅತ್ತ ಅಧ್ಯಕ್ಷರ ಹೆಂಡತಿ ಸೆರಗೊಡ್ಡಿಕೊಂಡು ಕೂತೇ ಇದ್ದರಂತೆ! ಕಾಕು ಖಣವನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದಳು. "ನಮ್ಮ ಅಂಗಡೀದ ಅದ," ಎಂದಳು. ಗಾದಿಯ ಮೇಲೆ ಕೂತ ದಿನವೂ ಅಳದವಳು ತಾಟು ಹಿಡಿದ ಹುಡುಗಿಯರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ.

ಆ ಖಣ ಕಪಾಟಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆಯೇ ಕಾಕು ನನ್ನನ್ನು ಎಳೆದುಕೊಂಡು ದರ್ಜಿಯ ಅಂಗಡಿಗೆ ಹೋದಳು. "ಒಳಗ ಬಟ್ಟಿ ಜಾಸ್ತಿ ಬಿಟ್ಟು ಹೊಲಿಯಾಕ ಹೇಳು ಅವಗ," ಎಂದಳು. ನಾನು ನಕ್ಕೆ.

"ಕಾಕೂ, ಈ ವಯಸ್ಸಿನ್ಯಾಗ ನೀ ಇನ್ನ ಬೆಳೀತೀ ಏನು?"

ಕಾಕು ನನ್ನ ತೋಳಿನ ಬಟ್ಟೆ ಮುಟ್ಟಲಿಲ್ಲ. ನೆಟ್ಟಗೆ ನನ್ನ ಮುಖ ನೋಡಿದಳು.

"ನಿನ್ನಿಯಿಂದ ಬೆಳ್ಯಾಕತ್ತೀನಿ," ಎಂದಳು.