ಮೊದಲ ಮುದ್ರಣವನ್ನು ಹಂಡೆ ಒಲೆಗೆ ಹಾಕದಿರುವ ಕುರಿತು

ಇಂದ:
ನೇತ್ರಾವತಿ, ಹೊಲಿಗೆ ಅಂಗಡಿ,
ಬಸ್ ನಿಲ್ದಾಣದ ಹಿಂದೆ, ಸಿದ್ದಾಪುರ.

ಗೆ:
ಶ್ರೀ ಪಕ್ಕೀರಪ್ಪನವರು, ಅರ್ಜಿದಾರಳ ಸೋದರಮಾವ,
ಎದುರು ಮನೆ, ಸಿದ್ದಾಪುರ.

ವಿಷಯ: ತಾವು ಜಪ್ತಿ ಮಾಡಿರುವ ‘ಹೊಳಿದಂಡಿ’ ಆಟದ ಮೊದಲ ಮುದ್ರಣದ ಕಾರ್ಡುಗಳನ್ನು ಸುಡದೆ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: ಮಂಗಳವಾರ ತಾವು ಕಟ್ಟೆಯ ಮೇಲೆ ನಿಂತು, “ಹಂಡೆ ಒಲಿಗೆ ಹಾಕ್ತೀನಿ ನಿನ್ನ ಕಾರ್ಡು!” ಎಂದು ಹೊರಡಿಸಿದ ಮೌಖಿಕ ಆದೇಶ.

ಮಾನ್ಯ ಮಾವನವರೇ,

1. ನಮ್ಮ ಹೊಳೆ, ಕಾಲುವೆ, ಗದ್ದೆಗಳ ಜೀವಿಗಳನ್ನು ನಾನೇ ಬಿಡಿಸಿ, ಒಂದೊಂದಕ್ಕೂ ಇಷ್ಟಿಷ್ಟು ಬಲವೆಂದು ನಿಗದಿಪಡಿಸಿ ಈ ಆಟ ಮಾಡಿದ್ದು ತಮಗೆ ತಿಳಿದೇ ಇದೆ. ಲಕೋಟೆಯಲ್ಲಿ ಯಾವ ಕಾರ್ಡು ಬರುತ್ತದೆಂದು ಕೊಂಡವರಿಗೆ ಗೊತ್ತಿರುವುದಿಲ್ಲ. ಬೇಕಾದ್ದನ್ನು ಅದಲುಬದಲು ಮಾಡಿಕೊಂಡು ಕೂಡಿಸಬೇಕು, ಆಡಬೇಕು.

2. ಗಂಗಾವತಿಯ ತಾಹೇರ ಅಣ್ಣನ ಪ್ರೆಸ್ಸಿನಲ್ಲಿ ನನ್ನ ಕಾರ್ಡುಗಳೂ ತಮ್ಮ ಮಗಳು ದುರ್ಗಾದೇವಿಯ ಲಗ್ನಪತ್ರಿಕೆಯೂ ಒಂದೇ ದಿನ ಅಚ್ಚಾದವು. ಕಾರಣ, ಕಾರ್ಡಿನ ಮುಂದೆ ಚೇಳು, ಹಿಂದೆ ವಧೂವರರ ಹೆಸರು, ಊರು, “ಸಕುಟುಂಬ ಸಮೇತ ಬಂದು ಹರಸಿರಿ” ಎಂದಾಯಿತು. ಲಕೋಟೆಗಳು ಅಂಟಿಸಿಯೇ ಬಂದಿದ್ದರಿಂದ ನಾನು ನೋಡಲಿಲ್ಲ, ಅಂಗಡಿಗಳಿಗೆ ಹಂಚಿಬಿಟ್ಟೆ.

3. ಆದ್ದರಿಂದ ಕಾರ್ಡು ಕೊಂಡವರು ಸಕುಟುಂಬ ಸಮೇತ ಬಂದರು. ಗುರುತಿಲ್ಲದ ಪಂಕ್ತಿಯನ್ನು ಕಂಡು ತಾವು ಒಬ್ಬರನ್ನು, “ಯಾರ ಕಡಿಯವರ್ರಿ ನೀವು? ಗಂಡಿನ ಕಡಿಯವರೋ, ಹೆಣ್ಣಿನ ಕಡಿಯವರೋ?” ಎಂದು ವಿಚಾರಿಸಿದಿರಿ. ಅವರು ಕೈಯಲ್ಲಿದ್ದ ಕಾರ್ಡು ತೋರಿಸಿ, “ಚೇಳಿನ ಕಡಿಯವರ್ರಿ” ಎಂದರು. ಕಾರಣ ಗೋಧಿ ಹುಗ್ಗಿ ಮುಗಿಯಿತು. ಕಾರಣ ಹೆಣ್ಣಿನ ತಂದೆಯಾದ ತಾವು ಮಜ್ಜಿಗೆ ಕುಡಿದು ಮಲಗಿದಿರಿ. ಕಾರಣ ಮರುದಿನ ಉಳಿದ ಲಕೋಟೆಗಳ ಚೀಲವನ್ನು ನನ್ನ ಅಂಗಡಿಯಿಂದ ಹೊತ್ತೊಯ್ದಿರಿ.

4. ತಾಹೇರ ಅಣ್ಣ ಹಿಂಬದಿ ಖಾಲಿ ಇರುವ ಎರಡನೇ ಮುದ್ರಣ ಮಾಡಿಕೊಟ್ಟ. ಯಾರಿಗೂ ಅದು ಬೇಡ. ಯಲಬುರ್ಗಾದಿಂದ ಬಂದವರೂ ತಿರುವಿ ನೋಡಿ, “ಹಿಂದ ಲಗ್ನ ಇಲ್ಲೇನ್ರಿ? ಹಂಗಾರ ಬ್ಯಾಡ ಬಿಡ್ರಿ” ಎನ್ನುತ್ತಾರೆ. ಹೀಗೇ ಆದರೆ ಆಟ ಇಲ್ಲಿಗೇ ನಿಲ್ಲುತ್ತದೆ.

5. ದುರ್ಗಾದೇವಿ ಕುಷ್ಟಗಿಯ ಗಂಡನ ಮನೆಯಿಂದ ಫೋನ್ ಮಾಡಿದ್ದಳು. ಹೊಸ ಊರು, ಮಾತಿಗೆ ಯಾರೂ ಇಲ್ಲ, ಮೊದಮೊದಲು ಅತ್ತಿದ್ದಳಂತೆ. ಒಂದು ದಿನ ಓಣಿಯ ಹೆಣ್ಣುಮಕ್ಕಳು ಕಾರ್ಡು ಹಿಡಿದು ಬಂದು, “ಇದರಾಗಿನ ದುರ್ಗಾದೇವಿ ನೀವ ಏನ್ರಿ?” ಎಂದು ಕೇಳಿ, ಒಳಗೆ ಬಂದು ಕೂತರಂತೆ. “ಈಗ ದಿನಾ ಸಂಜಿಕ ನಮ್ಮ ಕಟ್ಟಿ ಮ್ಯಾಲ ಆಟ ನಡಿತೈತಿ. ಸುಡಬ್ಯಾಡ ಅಂತ ಅಪ್ಪಗ ಹೇಳು” ಎಂದಳು. ಇದನ್ನು ಹೇಳಲು ಬಂದಾಗ ತಾವು ಬಾಗಿಲು ಹಾಕಿಕೊಂಡಿರಿ. ಆದ್ದರಿಂದ ಈ ಅರ್ಜಿ.

6. ಅರ್ಜಿ ಬರೆಯುತ್ತಿರುವಾಗಲೇ ತಮ್ಮ ಪತ್ನಿಯವರಾದ ಶಾಂತಕ್ಕ ಅತ್ತೆ ಹಿತ್ತಲಿನಿಂದ ಒದಗಿಸಿದ ಮಾಹಿತಿ: “ಎಲ್ಲಿ ಸುಟ್ಟಾರವ್ವ? ಕದಾ ಹಾಕ್ಕೊಂಡು ಒಂದೊಂದ ಲಕೋಟಿ ಹರದು ನೀರುನಾಯಿ ಹುಡಕಾಕ ಹತ್ಯಾರ!”

ನೀರುನಾಯಿ ಬಲು ಅಪರೂಪದ ಕಾರ್ಡು. ಒಂದು ನನ್ನ ಬಳಿ ಇದೆ. ಕಾರಣ, ಒಡೆಯದೆ ಉಳಿದ ಲಕೋಟೆಗಳನ್ನು ಚೀಲಸಮೇತ ಒಪ್ಪಿಸಿ ಸದರಿ ನೀರುನಾಯಿಯನ್ನು ಪಡೆದುಕೊಳ್ಳಬೇಕೆಂದು ಕೋರುತ್ತೇನೆ.

ತಮ್ಮ ಅಕ್ಕನ ಮಗಳೂ, ಇನ್ನೂ ವಿಶ್ವಾಸಿಯೂ ಆದ
ನೇತ್ರಾವತಿ

ಲಗತ್ತು:
ನೀರುನಾಯಿಯ ಜೆರಾಕ್ಸ್ ಪ್ರತಿ. ಅಸಲನ್ನು ಖುದ್ದು ಬಂದರೆ ತೋರಿಸಲಾಗುವುದು.

ವಿಶೇಷ ಸೂಚನೆ: ಚೀಲದ ಬದಲು ಕಪ್ಪೆ ಕಾರ್ಡು ತರಬಾರದೆಂದು ವಿನಂತಿ. ಕಪ್ಪೆ ಬೇಕಾದಷ್ಟಿವೆ.