ಸುಳಿ ನೋಡಿ ಕೊಂಡ ಕಾರು

ನಮ್ಮ ಮುತ್ತಜ್ಜ ಮುದ್ದಯ್ಯನವರು ಸಂತೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ಗೊರಸಿನ ಸದ್ದಿನಲ್ಲೇ ಯಾವ ಎತ್ತು ಕುಂಟು, ಯಾವುದು ಮೈಗಳ್ಳ ಎಂದು ಹೇಳುತ್ತಿದ್ದರಂತೆ. ನಮ್ಮಜ್ಜ ಶಿವಲಿಂಗಯ್ಯನವರು ಎತ್ತಿನ ಮೈಮೇಲಿನ ಸುಳಿ ನೋಡಿ, ಅದನ್ನು ಕೊಂಡವನ ಮುಂದಿನ ಬಾಳನ್ನೇ ನುಡಿಯುತ್ತಿದ್ದರು. ನಮ್ಮಪ್ಪ ಕೆಂಪಣ್ಣನವರು ಎತ್ತಿನ ಬಾಯಿ ಅಗಲಿಸಿದರೆ ಸಾಕು, ಎತ್ತಿನ ವಯಸ್ಸಿನ ಜೊತೆಗೆ ಮಾರುವವನ ಸುಳ್ಳುಗಳೂ ಹೊರಗೆ ಬೀಳುತ್ತಿದ್ದವು! ಇಂಥ ವಂಶದ ಕುಡಿ ನಾನು. ಸ್ಕೂಲಿಗೆ ಹೋದದ್ದು ಅಷ್ಟಕ್ಕಷ್ಟೆ. ಓದು, ಬರಹ, ಪಂಪ್‌ಸೆಟ್ ರಿಪೇರಿ, ಟ್ರಾಕ್ಟರು ಓಡಿಸುವುದು ಎಲ್ಲವನ್ನೂ ನನಗೆ ನಾನೇ ಕಲಿಸಿಕೊಂಡವನು. ಅಂಥವನಿಗೆ ಒಂದು ಹಳೇ ಕಾರು ನೋಡಿ ಕೊಳ್ಳುವುದು ಯಾವ ಮಹಾ ವಿದ್ಯೆ?

ಕಾರು ಬೇಕಾದದ್ದು ನನ್ನ ಹೆಂಡತಿ ದೊಡ್ಡತಾಯಮ್ಮನ ಮಂಡಿಗೆ. ತೊಂಬತ್ತಾರನೇ ಇಸವಿಯಲ್ಲಿ ಅವಳ ಮಂಡಿ ಬಸ್ಸಿನ ಮೆಟ್ಟಿಲ ಜೊತೆ ಮಾತು ಬಿಟ್ಟಿತ್ತು. ಗಂಜಾಮಿನ ನಿಮಿಷಾಂಬೆಗೆ ಹೊತ್ತ ಹರಕೆ ಹಾಗೇ ಉಳಿದಿತ್ತು. "ಮುಂದಿನ ಶುಕ್ರವಾರ ಗುಡಿ ಬಾಗಲಿಗೇ ಇಳಿಸ್ತೀನಿ, ಸ್ವಂತ ಕಾರಲ್ಲಿ!" ಎಂದು ಅಕ್ಕಿಹೆಬ್ಬಾಳಿನ ಅರಳಿಕಟ್ಟೆಗೆಲ್ಲ ಕೇಳುವಂತೆ ಘೋಷಿಸಿಬಿಟ್ಟೆ.

ಕೆ.ಆರ್. ಪೇಟೆಯಲ್ಲಿ ಗ್ಯಾರೇಜು ಇಟ್ಟಿರುವ ಅವಳ ಅಣ್ಣನ ಮಗ ಲೋಕೇಶ್ ಓಡಿ ಬಂದ. "ಮಾವ, ಕಾರು ನೋಡೋಕೆ ನಾನೂ ಬತ್ತೀನಿ. ಕ್ಲಚ್ಚು, ಗೇರು, ಎಲ್ಲಾ ಒಂದ್ಸಲ ನೋಡ್ಬುಡವ."

"ಲೇ, ನಿನ್ನ ಸ್ಪ್ಯಾನರ್ರು ಹುಟ್ಟೋಕೆ ಮುಂಚೇನೇ ನಮ್ಮ ವಂಶ ಕಣ್ಣಲ್ಲೇ ತೂಕ ಹಾಕ್ತಿತ್ತು ಕಣ್ಲಾ! ಸುಮ್ಕೆ ಮನೇಲಿರು!"

ಪಾಂಡವಪುರದಲ್ಲಿ ತಿಮ್ಮೇಶ ಎಂಬುವವನ ಮನೆ ಮುಂದೆ ಬಿಳೀ ಕಾರು ನಿಂತಿತ್ತು. ನಾನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಪರೀಕ್ಷೆಗೆ ಇಳಿದೆ. ಮೊದಲು ಎಡದಿಂದ, ಆಮೇಲೆ ಬಲದಿಂದ ಒಂದೊಂದು ಸುತ್ತು. ಬೆನ್ನು ತಟ್ಟಿದೆ. ಬಾನೆಟ್ಟು ಎತ್ತಿಸಿ ಬಾಯೊಳಗೆ ಇಣುಕಿದೆ. ಹಲ್ಲು ಕಾಣಲಿಲ್ಲ, ಆದರೂ ತಲೆಯಾಡಿಸಿದೆ. ನಾಲ್ಕು ಕಾಲನ್ನೂ ಒದ್ದು ನೋಡಿದೆ. ಹಣೆಯ ಮೇಲೊಂದು ತಗ್ಗು ಕಂಡಿತು. "ಶುಭ ಸುಳಿ!" ಎಂದೆ. "ಅದು ಕಂಬಕ್ಕೆ ಗುದ್ದಿದ್ದು ಸಾ" ಎಂದ ತಿಮ್ಮೇಶ. ಅವನಿಗೇನು ಗೊತ್ತು! ಕೊನೆಗೆ ಅವನ ಮನೆಮಂದಿಯನ್ನೆಲ್ಲ ತುಂಬಿಕೊಂಡು ಏರು ಹತ್ತಿಸಿದೆ. ಮುಕ್ಕರಿಯದೆ ಹತ್ತಿತು.

ತಿಮ್ಮೇಶ ಕೈ ಹೊಸಕುತ್ತಾ, "ಯಜಮಾನ್ರೆ, ಕಾರ್ನ ಇಂದಕ್ಕೆ ತಗಳೋದ್ರಲ್ಲಿ ಒಂದ್ ವಿಸ್ಯ..." ಎಂದು ಬಾಯಿ ತೆರೆದ.

"ಮುಚ್ಚು ಬಾಯ! ಕೊಳ್ಳೋ ಪ್ರಾಣೀನ ಇಂದಕ್ಕೆ ನಡೆಸ್ಬಾರ್ದು. ನಮ್ಮ ಮುತ್ತಜ್ಜನ ಕಾಲದಿಂದ ನಡ್ಕೊಂಡು ಬಂದಿರೋ ಕಟ್ಟು. ಇಂದಕ್ಕೆ ಹೆಜ್ಜೆ ಇಟ್ರೆ ಮನೆ ಏಳಿಗೇನೂ ಇಂದಕ್ಕೇ!"

"ಅಲ್ಲ ಸಾ, ಯೋಳೋದ್ನ ಒಸಿ ಕೇಳಿ..."

"ಕೇಳಕ್ಕಿಲ್ಲ!"

"ಅಂಗಾರೆ ನಿಮ್ಮಿಷ್ಟ ಬುಡಿ ಸಾ" ಎಂದವನ ಮುಖ ಹುಣ್ಣಿಮೆಯಂತೆ ಅರಳಿತು. ಎತ್ತಿನ ಸಂತೆಯಲ್ಲಿ ಬೆಲೆ ಕಟ್ಟುವ ಹಾಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸಿದೆ. ಮನೆಗೆ ಬಂದು ಕಣದಲ್ಲಿ ಟ್ರಾಕ್ಟರಿನಂತೆ ಸುತ್ತು ಹೊಡೆಸಿ, ಮುಖ ರಸ್ತೆಗಿಟ್ಟು ನಿಲ್ಲಿಸಿದೆ. ದೊಡ್ಡತಾಯಮ್ಮ ಆರತಿ ಎತ್ತಿದಳು.

ಶುಕ್ರವಾರ ಶ್ರೀರಂಗಪಟ್ಟಣ ದಾಟಿ ಗಂಜಾಮಿಗೆ ರಾಜನಂತೆ ಬಂದೆ. ದೊಡ್ಡ ದಾರಿಯಲ್ಲಿ ಜನ ಹೆಚ್ಚೆಂದು ಒಂದು ಸಂದಿಗೆ ನುಗ್ಗಿಸಿದೆ. ಎದುರಿಗೆ ಹುಲ್ಲು ತುಂಬಿದ ಎತ್ತಿನ ಗಾಡಿ! ಗಾಡಿ ಹೊಡೆಯುತ್ತಿದ್ದ ಮಾಯಣ್ಣ ಎಂಬುವವನು, "ಕಾರು ಒಸಿ ಇಂದಕ್ಕೆ ತಗಳಿ ಯಜಮಾನ್ರೆ" ಎಂದ. ರಿವರ್ಸು ಗೇರಿಗೆ ಹಾಕಿದೆ. ಕರ್ರ್ ಎಂದಿತು, ಕದಲಲಿಲ್ಲ. ಮತ್ತೆ ಹಾಕಿದೆ. ಹಿಟ್ಟಿನ ಗಿರಣಿಯಂತೆ ಕೂಗಿತು. ತಿಮ್ಮೇಶ ಹೇಳಬಂದ 'ವಿಸ್ಯ' ಆಗ ನನ್ನ ತಲೆಗೆ ಹೊಳೆಯಿತು!

ಮಾಯಣ್ಣ ಕಾದು ಕಾದು, ಹಗ್ಗ ಜಗ್ಗಿ "ಹೋ... ಹೋ..." ಎಂದ. ಆ ಜೋಡೆತ್ತು ತುಂಬಿದ ಗಾಡಿಯನ್ನು ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಒತ್ತಿ, ಒಂದು ಹಿತ್ತಿಲೊಳಕ್ಕೆ ಸರಿದು ನಮಗೆ ದಾರಿ ಬಿಟ್ಟವು. ದೊಡ್ಡತಾಯಮ್ಮ ಎತ್ತುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟಕ್ಕೇ ಮೈಯುರಿಯಿತು.

ಸಂದಿಯ ಕೊನೆಗೆ ಬಂದರೆ ಗುಡಿ, ಹೊಳೆಯ ಸೋಪಾನ, ಅದರಾಚೆಗೆ ಕಾವೇರಿ. ಅಕ್ಕಪಕ್ಕ ಗೋಡೆ. ತಿರುಗಿಸಲು ಗೇಣು ಜಾಗವಿಲ್ಲ! ಇವಳು ಹರಕೆ ತೀರಿಸಿ ಪ್ರಸಾದ ಹಿಡಿದು ಬರುವಷ್ಟರಲ್ಲಿ ನಾನು ಇಳಿಜಾರಲ್ಲಿ ಕದಲದೆ ನಿಂತ ಕಾರಿನ ಮೂತಿಗೆ ಎದೆ ಕೊಟ್ಟು ಹಿಂದಕ್ಕೆ ತಳ್ಳುತ್ತಾ ಬೆವರಿನಲ್ಲಿ ಮಿಂದಿದ್ದೆ.

"ಗುಡಿ ಬಾಗಲಿಗೆ ಇಳಿಸ್ತೀನಿ ಅಂದ್ರಿ, ಇಳಿಸಿದ್ರಿ" ಎಂದಳು ದೊಡ್ಡತಾಯಮ್ಮ. "ವಾಪಸ್ಸು ಮನೆಗೆ ಕರ್ಕೊಂಡೋಯ್ತೀನಿ ಅಂತ ನೀವೆಲ್ಲಿ ಯೋಳಿದ್ರಿ! ಆ ಎಸ್‌ಟಿಡಿ ಬೂತಿನಿಂದ ಲೋಕೇಶಂಗೆ ಒಂದು ಫೋನಾದ್ರೂ ಮಾಡಿ."

ಅಷ್ಟರಲ್ಲಿ ಮಾಯಣ್ಣ ಎತ್ತು ಬಿಚ್ಚಿಕೊಂಡು, ಹಗ್ಗ ಹಿಡಿದು ಬಂದ. "ಯಜಮಾನ್ರೆ, ಕಟ್ಟಿ ಎಳುದ್ಬುಡ್ಲಾ? ನಮ್ಮವು ಮುಂದಕ್ಕೂ ಓಯ್ತವೆ, ಇಂದಕ್ಕೂ ಬತ್ತವೆ!"

ಬಲಗಡೆಯ ಎತ್ತು ಕತ್ತು ಚಾಚಿ ಕಾರಿನ ಬಾನೆಟ್ಟು ಮೂಸಿತು. ಹಣೆಯ ತಗ್ಗನ್ನೂ ನೋಡಿತು. ನಮ್ಮಪ್ಪ ಸಂತೆಯಲ್ಲಿ ಮುದಿ ಎತ್ತನ್ನು ಬೇಡವೆನ್ನುವಾಗ ಹೇಗೆ ಮುಖ ತಿರುಗಿಸುತ್ತಿದ್ದರೋ, ಹಾಗೇ ಮುಖ ತಿರುಗಿಸಿತು!

ನಾನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಬ್ಯಾಡ ಕಣಪ್ಪ ಮಾಯಣ್ಣ, ಎತ್ತು ಹೊಡ್ಕೊಂಡು ಓಗು. ಲೋಕೇಶಂಗೆ ಫೋನೂ ಬ್ಯಾಡ. ನನಗೆ ಯಾರ ಸಹಾಯಾನೂ ಬ್ಯಾಡ. ಪಾಪ, ಕಾರು ದೂರದಿಂದ ಬಂದದೆ, ಸುಸ್ತಾಗ್ಯದೆ. ಒಸಿ ನೀರು ಕುಡಿಸ್ತೀನಿ, ಸುಧಾರಿಸ್ಕಂಡು ಅದೇ ಇಂದಕ್ಕೆ ಬತ್ತದೆ!"