ಹಿಂದಿನ ಸೀಟಿನಲ್ಲಿ ಅತ್ತೆ

ನಮ್ಮ ಮನೆಯಲ್ಲಿ ಮುದುಕಿ ನಾನೇ ಎಂಬುದು ಆಗಾಗ ಸಾಬೀತಾಗುತ್ತಲೇ ಇರುತ್ತದೆ. ನನಗೆ ಐವತ್ತು ದಾಟಿದೆ. ಮತ್ತಿಕೆರೆಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಅತ್ತೆಗೆ ಎಪ್ಪತ್ತೈದರ ಮೇಲೆ. ಹೊಸದೇನು ಬಂದರೂ ನಾನು ‘ಯಾಕೆ?’ ಎನ್ನುತ್ತೇನೆ, ಅವರು ‘ಎಲ್ಲಿ?’ ಎನ್ನುತ್ತಾರೆ. ಕಳೆದ ವರ್ಷ ಯಜಮಾನರು ತೀರಿಕೊಂಡ ಮೇಲೆ ನನ್ನ ‘ಯಾಕೆ’ ಇನ್ನೂ ಗಟ್ಟಿಯಾಯಿತು, ಅವರ ‘ಎಲ್ಲಿ’ಯೂ. ಯಜಮಾನರ ಸ್ಕೂಟರ್ ಬಾಗಿಲ ಪಕ್ಕದಲ್ಲೇ ನಿಂತಿತ್ತು. ದಿನಾ ನೋಡಲಾರದೆ ಮಾರಿಬಿಡೋಣ ಎಂದುಕೊಂಡಿದ್ದೆ. ಅತ್ತೆಗೆ ಅದು ಮಗನ ಗಾಡಿ, ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಮೊಮೊ

ಮಹಡಿಯಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗಿಯರು ಒಂದು ಸಂಜೆ ಬೀದಿಯ ತಳ್ಳುಗಾಡಿಯಿಂದ ಮೊಮೊ ತಂದುಕೊಟ್ಟರು. ಹೊಟ್ಟೆ ಸರಿಯಿಲ್ಲ ಎಂದು ನಾನು ತಪ್ಪಿಸಿಕೊಂಡೆ. ಅತ್ತೆ ಒಂದನ್ನು ತಿರುಗಿಸಿ ನೋಡಿ, ನಿಧಾನವಾಗಿ ಅಗಿದು, ತೀರ್ಪು ಕೊಟ್ಟರು: “ಕಡುಬೇ ಕಣಮ್ಮ. ಪಾಪ, ಬೆಲ್ಲ ಆಕೋದು ಮರ್ತವ್ರೆ.”

ಮರುದಿನ ಡಬ್ಬಿಯಲ್ಲಿ ಕಾಯಿಬೆಲ್ಲದ ಹೂರಣ ಹಿಡಿದು ಆ ತಳ್ಳುಗಾಡಿಯವನ ಹತ್ತಿರವೇ ಹೋದರು. ಅವನೂ ಬೇಡವೆನ್ನದೆ ಒಂದು ತಟ್ಟೆ ಮಾಡಿಕೊಟ್ಟನಂತೆ. ಮನೆ ಸೇರುವಷ್ಟರಲ್ಲಿ ಉಳಿದದ್ದು ಒಂದೇ. ನಾನು ಕೈ ಚಾಚಿದೆ. “ನಿಂಗೆ ಒಟ್ಟೆ ಸರಿಯಿಲ್ಲ ಅಲ್ವಾ” ಎಂದು ಅದನ್ನೂ ಅವರೇ ತಿಂದರು.

ಕೊಳ್ಳಲು ಬಂದವರು

ಸ್ಕೂಟರ್ ನೋಡಲು ಒಬ್ಬರು ಬಂದರು. ಒಂದು ರೌಂಡ್ ಹೋಗಿ ಬರುತ್ತೇನೆ ಎಂದಾಗ ಅತ್ತೆ ಹಿಂದಿನ ಸೀಟು ಹತ್ತಿ ಕುಳಿತುಬಿಟ್ಟರು. ಮಗನ ಗಾಡಿಯನ್ನು ಗುರುತಿಲ್ಲದವರ ಜೊತೆ ಒಂಟಿಯಾಗಿ ಕಳಿಸುವುದಿಲ್ಲವಂತೆ. ಮಗ ಇದ್ದಾಗ, ಗಾಡಿ ಹತ್ತು ಎಂದು ಕರೆದಾಗಲೆಲ್ಲ ‘ನಾಳೆ’ ಎನ್ನುತ್ತಿದ್ದವರು ಇವರೇ.

ಬಹಳ ಹೊತ್ತಾದ ಮೇಲೆ ಇಬ್ಬರೂ ಬಂದರು. ಅತ್ತೆಯ ಮಡಿಲಲ್ಲಿ ಸೊಪ್ಪು, ಆತನ ಮುಖದಲ್ಲಿ ಸುಸ್ತು. ಬ್ರೇಕ್ ಹಿಡಿಯುವುದಿಲ್ಲ, ಮಳೆಯಲ್ಲಿ ಸ್ಟಾರ್ಟ್ ಆಗುವುದಿಲ್ಲ ಎಂದು ಅತ್ತೆ ದಾರಿಯುದ್ದಕ್ಕೂ ಹೇಳಿದ್ದರು. ಎರಡೂ ಸುಳ್ಳು. ಆತ ಕೀ ನನ್ನ ಕೈಗಿಟ್ಟರು. “ಗಾಡಿ ಬೇಡ ಮೇಡಂ. ಆದ್ರೆ ಮುಂದಿನ ವಾರಾನೂ ಸೊಪ್ಪಿಗೆ ಕರ್ಕೊಂಡು ಹೋಗ್ತೀನಿ ಅಂತ ಅಮ್ಮಂಗೆ ಮಾತು ಕೊಟ್ಬಿಟ್ಟಿದೀನಿ.”

ಮೊದಲ ಪಾಠ

ಮಾರದಿದ್ದ ಮೇಲೆ ಓಡಿಸಬೇಕು, ಓಡಿಸುವವಳು ನೀನೇ ಎಂದು ಅತ್ತೆ ಹಟ ಹಿಡಿದರು. ಮಗನ ಗಾಡಿಯನ್ನು ಬೇರೆಯವರು ಓಡಿಸುವುದಕ್ಕಿಂತ ನಾನು ಬೀಳುವುದೇ ವಾಸಿ ಎಂದು ಅವರಿಗೆ ಅನಿಸಿರಬೇಕು.

ಡ್ರೈವಿಂಗ್ ಸ್ಕೂಲಿನ ಹುಡುಗಿ ನನ್ನನ್ನು ಖಾಲಿ ಮೈದಾನಕ್ಕೆ ಕರೆದೊಯ್ದಳು. ನಾನು ಹಿಂದಿನ ರಾತ್ರಿಯೇ ಓದಿಕೊಂಡಿದ್ದೆ. ಕನ್ನಡಿ ಸರಿಮಾಡಿದೆ, ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಕೈ ತೋರಿಸಿದೆ, ದೂರದಲ್ಲಿದ್ದ ಹಸು ದಾಟಿಹೋಗುವವರೆಗೆ ಕಾದೆ. ಆಮೇಲೆ ಆಕ್ಸಿಲರೇಟರ್ ತಿರುಗಿಸಿದೆ. ಏನೂ ಆಗಲಿಲ್ಲ.

“ಎಲ್ಲಾ ಕರೆಕ್ಟ್ ಮೇಡಂ,” ಎಂದಳು ಹುಡುಗಿ, “ಇನ್ನು ಕೀ ಹಾಕಿ.”

ಮಲ್ಲಿಗೆ

ಅಂತೂ ಲೈಸೆನ್ಸ್ ಬಂತು. ಹುಣಸಮಾರನಹಳ್ಳಿ ಅತ್ತೆಯ ತವರು. ಮೊದಲ ಸವಾರಿ ಅಲ್ಲಿಗೇ ಎಂದು ತೀರ್ಮಾನಿಸಿದರು. ಗಂಡ ಇಲ್ಲದವರು ಹೂ ಮುಡಿಯುವುದು ನಮ್ಮಲ್ಲಿ ರೂಢಿಯಿಲ್ಲ. ಮಾವ ಹೋದಂದಿನಿಂದ ಅತ್ತೆ ಮುಡಿದಿಲ್ಲ. ಈಗ ನಾನೂ ಮುಡಿಯುವುದಿಲ್ಲ. ಆದರೂ ಹೊರಡುವ ಮೊದಲು ಅವರು ಮಲ್ಲಿಗೆ ಕೊಂಡರು. ಗಾಡಿಯ ಪೂಜೆಗಿರಬೇಕು ಎಂದುಕೊಂಡೆ. ನಾನು ಹೆಲ್ಮೆಟ್ ಹಾಕಿಕೊಂಡ ಮೇಲೆ ಹಿಂದಿನಿಂದ ಏನೋ ಸರಿಮಾಡಿದರು. ಬೆಲ್ಟಿರಬೇಕು ಎಂದುಕೊಂಡೆ.

ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತಾಗ ಪೊಲೀಸಿನವರೊಬ್ಬರು ನೇರ ನಮ್ಮತ್ತಲೇ ಬಂದರು. ಲೈಸೆನ್ಸಿಗೆಂದು ಬ್ಯಾಗಿಗೆ ಕೈ ಹಾಕಿದೆ. ಅವರು ನೋಡುತ್ತಿದ್ದುದು ನಮ್ಮ ತಲೆಗಳನ್ನು.

“ಏನಜ್ಜಿ, ಎರಡು ಹೆಲ್ಮೆಟ್ಟಿಗೂ ಹೂವು ಮುಡಿಸಿದೀರಾ?”

ಎರಡು ಎಂದರೆ ನನ್ನದಕ್ಕೂ. ಹಿಂದಕ್ಕೆ ಕೈಯಾಡಿಸಿದೆ. ತಣ್ಣಗೆ ಬೆರಳಿಗೆ ತಾಗಿತು.

“ನಾವು ಮುಡಿಯಂಗಿಲ್ಲ ಕಣಪ್ಪ,” ಎಂದರು ಅತ್ತೆ. “ಎಲ್ಮೆಟ್ಟಿಗೇನು, ಗಂಡ ಸತ್ತಿಲ್ವಲ್ಲ.”

ಸಿಗ್ನಲ್ ಹಸಿರಾಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ಗಾಡಿ ಮಾತ್ರ ಅಲ್ಲಾಡಲಿಲ್ಲ. ನಗುತ್ತ ಓಡಿಸುವುದನ್ನು ಡ್ರೈವಿಂಗ್ ಸ್ಕೂಲಿನ ಹುಡುಗಿ ನನಗೆ ಹೇಳಿಕೊಟ್ಟಿರಲಿಲ್ಲ.